ಮೇಪಲ್ ಹಬ್ಬಕ್ಕೆ ಹೋಗುವವರು ಮರವನ್ನೂ ನೋಡಲಿ

ಕೆನಡದ ಒಂಟಾರಿಯೋ ಪ್ರಾಂತ್ಯದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ವಸಂತಾರಂಭಕ್ಕೆ ಮೇಪಲ್ ಪಾಕದ ಹಬ್ಬವುಂಟು, ಮೊದಲಾದದ್ದು 1965ರಲ್ಲಿ. ಬಸ್ಸಿನಲ್ಲಿ ಬಂದಿಳಿದವರು ಬೀದಿಯಲ್ಲಿ ಪ್ಯಾನ್‌ಕೇಕಿಗೆ ಪಾಕ ಸುರಿದುಕೊಂಡು ತಿಂದು ಸಂಜೆಗೆ ಹಿಂದಿರುಗುತ್ತಾರೆ. ತಿನ್ನಲಿ, ನಮ್ಮ ಆಕ್ಷೇಪಣೆಯಿಲ್ಲ. ಆದರೆ ಊರಾಚೆಯ ಮೇಪಲ್ ತೋಪನ್ನು ನೋಡದೆ ಮರಳಿದವರು ಹಬ್ಬದ ಅರ್ಧವನ್ನೂ ಕಾಣಲಿಲ್ಲವೆಂದೇ ನಾವು ಹೇಳುತ್ತೇವೆ.

ರಾತ್ರಿ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಹಗಲು ಮೇಲೇರಿದರೆ ಮಾತ್ರ ರಸ ಚೆನ್ನಾಗಿ ಒಸರುತ್ತದೆ. ಹೆಪ್ಪುಗಟ್ಟುವಾಗ ಕಾಂಡವು ಬೇರಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಅದರ ನಾರುಗಳೊಳಗಿನ ಅನಿಲ ಸಂಕುಚಿತವಾಗುತ್ತದೆ. ಬಿಸಿಲೇರಿ ಹೆಪ್ಪು ಕರಗಿದಾಗ ಆ ಅನಿಲವೇ ಹಿಗ್ಗಿ ರಸವನ್ನು ಹೊರಕ್ಕೆ ತಳ್ಳುತ್ತದೆ. ರಸದಲ್ಲಿ ಸಕ್ಕರೆ ಶೇಕಡ 2ರಷ್ಟು. ಸುಮಾರು 40 ಲೀಟರು ಕಾಸಿದರೆ 1 ಲೀಟರು ಪಾಕ. ನಮ್ಮ ಆಲೆಮನೆಯವರು ಬೆರಳಿನಿಂದ ನೋಡುವ ಹದವನ್ನು ಅಲ್ಲಿ ಉಷ್ಣತಾಮಾಪಕ ತಿಳಿಸುತ್ತದೆ: ಕುದಿಬಿಂದು ನೀರಿನದಕ್ಕಿಂತ 4 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿರಬೇಕು.

ಹಬ್ಬದ ದಿನ ಮೊದಲೇ ಗೊತ್ತಾಗಿರುತ್ತದೆ. ಮರಕ್ಕೆ ಆ ಕಟ್ಟುಪಾಡಿಲ್ಲ. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ರಾತ್ರಿಗಳು ಬೇಗನೆ ಬೆಚ್ಚಗಾದರೆ, ಮೊಗ್ಗೊಡೆದು ರಸದ ರುಚಿ ಕೆಡುತ್ತದೆ, ಹಬ್ಬದ ಹೊತ್ತಿಗೆ ರಸ ನಿಂತೇಹೋಗಿರಲೂಬಹುದು. ಆದುದರಿಂದ ಬಸ್ಸುಗಳು ಮೊದಲು ತೋಪಿಗೆ ಹೋಗಲಿ. ಪ್ಯಾನ್‌ಕೇಕು ಮಧ್ಯಾಹ್ನಕ್ಕೂ ಸಿಕ್ಕೀತು.