ಎಲ್ಲಿ ಎಂಬ ಮಾತು ಮೊದಲು

ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವೆಡೆಯಲ್ಲಿ ಒಂದು ಸಂಜೆ ಕುಳಿತಿದ್ದೆವು. ದಡದಲ್ಲಿದ್ದವನೊಬ್ಬನು ನಡುಹೊಳೆಯ ಹರಿಗೋಲಿನವನನ್ನು ಗಂಟಲು ಬಿರಿಯುವಂತೆ ಕೂಗುತ್ತಿದ್ದನು. ಎದುರುಗಾಳಿಯಲ್ಲಿ ಆ ಕೂಗು ಮುಟ್ಟಲೇ ಇಲ್ಲ. ಕರೆದುದು ಬರಿಯ ಬಾಡಿಗೆಗಾಗಿ. ಆಪತ್ತಿಗಾಗಿ ಕರೆದಿದ್ದರೆ ಗತಿಯೇನೆಂದು ನಮಗೆ ಚಿಂತೆಯಾಯಿತು.

ಕಡಲಿನಲ್ಲಿ ಸಂಚರಿಸುವವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿರುವರು. ಅದು ಕೈಯಲ್ಲಿ ಹಿಡಿಯತಕ್ಕ ವೈರ್‌ಲೆಸ್ ಯಂತ್ರ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಆರಂಭಿಸಿದ ಬಾನುಲಿಗೆ ‘ಆಕಾಶವಾಣಿ’ಯೆಂದು ಹೆಸರಾಯಿತಷ್ಟೆ. ಶಬ್ದವು ಆಕಾಶದ ಗುಣವೆನ್ನುವ ತಾರ್ಕಿಕರ ನಾಡಿಗೆ ಒಪ್ಪುವ ಹೆಸರು! ಆದರೆ ಆ ವಾಣಿಯನ್ನು ಕೇಳಬಹುದೇ ಹೊರತು ಅದಕ್ಕೆ ಉತ್ತರ ಕೊಡಲಾಗದು. ಈ ಯಂತ್ರದಲ್ಲಿಯೋ, ಗುಂಡಿಯನ್ನೊತ್ತಿದರೆ ಆಡಬಹುದು, ಬಿಟ್ಟರೆ ಕೇಳಬಹುದು. ಟೆಲಿಫೋನಿನ ಮಾತು ಒಬ್ಬನ ಕಿವಿಗೆ. ಇದರ ಮಾತು ಸುತ್ತ ಕಿವಿಗೊಟ್ಟಿರುವ ದೋಣಿಗಳೆಲ್ಲಕ್ಕೂ. ಆಪತ್ತಿನ ಕರೆಗೆ ಲೋಕವೆಲ್ಲ ಒಪ್ಪಿದ ಚಾನೆಲ್ಲು 16. ಯಂತ್ರದ ಬಲ ಹೆಚ್ಚೆಂದರೆ ಐದಾರು ವಾಟ್. ಗುಡ್ಡವು ಅಡ್ಡವಾದರೆ ಮಾತು ದಾಟುವುದು ಕಷ್ಟ.

ಯಂತ್ರಕ್ಕಿಂತಲೂ ನಮ್ಮ ಮನಸ್ಸಿಗೆ ಹಿಡಿದುದು ಆ ಕರೆಯ ಕ್ರಮ. ‘ಮೇಡೇ’ ಎಂದು ಮೂರು ಸಲ ಹೇಳಬೇಕು; ನನಗೆ ನೆರವಾಗಿರೆಂಬ ಫ್ರೆಂಚ್ ಮಾತಿನಿಂದ ಬಂದುದಿದು. ಬಳಿಕ ದೋಣಿಯ ಹೆಸರು, ಕೂಡಲೇ ಅದಿರುವ ಸ್ಥಳ. ಆಮೇಲೆ ಒದಗಿದ ವಿಪತ್ತು, ಬೇಕಾದ ನೆರವು, ಜನರ ಸಂಖ್ಯೆ. ಮಾತು ನಡುವೆ ಕಡಿದರೂ ಎಲ್ಲಿ ಎಂಬುದು ತಿಳಿದಿರುವುದು. ನಮ್ಮ ಹಿರಿಯರ ಸಂಕಲ್ಪದಲ್ಲಿಯೂ ದೇಶಕಾಲಗಳನ್ನು ಹೇಳಿದ ಮೇಲೆಯೇ ಕರ್ಮವನ್ನು ಹೇಳುವುದಲ್ಲವೆ?

ನಿತ್ಯವೂ ಸಂಕಲ್ಪ ಹೇಳುವ ನಾವೇ ಒಮ್ಮೆ ಎಡವಿದೆವು. ಮೊಮ್ಮಗುವಿಗೆ ಜ್ವರವೇರಿ ಮೈ ಸೆಟೆದಾಗ ಟೆಲಿಫೋನಿನಲ್ಲಿ “ಬೇಗ ಬನ್ನಿ, ಬೇಗ ಬನ್ನಿ” ಎಂದೆವಲ್ಲದೆ ಬೀದಿಯ ಹೆಸರು ಬಾಯಿಗೆ ಬರಲಿಲ್ಲ. ಸೊಸೆಯು ಅದನ್ನು ಕಸಿದುಕೊಂಡು ವಿಳಾಸವನ್ನು ಹೇಳಿದಳು. ಮಗು ಉಳಿಯಿತು, ನಮ್ಮ ಪಾಂಡಿತ್ಯದ ಹೆಮ್ಮೆ ಉಳಿಯಲಿಲ್ಲ.

ವಾಚಕರು ಈ ಯಂತ್ರವನ್ನು ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಸರ್ಕಾರದ ಪರವಾನಗಿ ಬೇಕು. ನಮ್ಮ ಹೊಳೆಗಳಲ್ಲಿ ಆ ಚಾನೆಲ್ಲಿಗೆ ಕಿವಿಗೊಟ್ಟು ಕುಳಿತವರೂ ಇಲ್ಲ. ಆದರೆ ಕಪಿಲೆಯನ್ನು ನಂಬುವಂತಿಲ್ಲ. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಸ್ನಾನಘಟ್ಟವನ್ನು ಮುಳುಗಿಸಿ ಮೈಸೂರಿನ ಹೆದ್ದಾರಿಯನ್ನೂ ತಡೆದುದನ್ನು ಮರೆಯಲಾದೀತೆ? ಆದುದರಿಂದ ಹರಿಗೋಲನ್ನೇರುವ ಮುನ್ನ ದಡದಲ್ಲೊಬ್ಬರಿಗೆ ಹೇಳಿ ಹೋಗತಕ್ಕದ್ದು. ತೇಲುವ ಅಂಗಿಯನ್ನು ತೊಡದೆ ಮಕ್ಕಳನ್ನು ಕೂರಿಸಬಾರದು. ಸಂಜೆ ಮಗ್ಗಿ ಹೇಳಿಸುವಾಗ ಮನೆಯ ವಿಳಾಸವನ್ನೂ 112 ಎಂಬ ಸಂಖ್ಯೆಯನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ. ಜೊತೆಯಲ್ಲಿ ಹಿರಿಯರೂ ಹೇಳಿಕೊಂಡರೆ ತಪ್ಪಿಲ್ಲ.