ತಾತನ ತಂಡ, ಮೊಮ್ಮಗನ ತಂಡ

ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಮಾತಿಗೆ ಬರವಿಲ್ಲ. ಹಣ್ಣಿನ ಧಾರಣೆ ಇತ್ಯರ್ಥವಾಗಿ, ಜನರು ಲಾರಿಯ ನಿರೀಕ್ಷೆಯಲ್ಲಿ ಕುಳಿತಿರುವಾಗ, ಮುಳಬಾಗಿಲಿನಿಂದ ಮಾಲೂರಿನವರೆಗೂ ಕೇಳಿಬರುವ ಒಂದು ವ್ಯಾಜ್ಯ ಅಲ್ಲಿಯೂ ತಲೆಯೆತ್ತುತ್ತದೆ. ಕರ್ನಾಟಕದ ರಣಜಿ ತಂಡಗಳಲ್ಲಿ ಹಿರಿದಾವುದು? 1974ರದೋ, 2015ರದೋ?

ಕೋಲಾರದ ಕಾಲೇಜಿನಲ್ಲಿ ಓದುವ ಮೊಮ್ಮಗನಿಗೆ ಅಂಕಿಗಳ ಬೆಂಬಲವಿದೆ. ವಿನಯ್ ಕುಮಾರರ ನಾಯಕತ್ವದಲ್ಲಿ ಸತತ ಎರಡು ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಪ್ರಶಸ್ತಿಗಳು ಮೂರೂ ಕರ್ನಾಟಕದ ಪಾಲಾದವು. 2015ರ ಸೆಮಿಫೈನಲಿನಲ್ಲಿ ಮುಂಬಯಿ 44 ಓಟಗಳಿಗೆ ಕುಸಿಯಿತು. ಫೈನಲಿನಲ್ಲಿ ತಮಿಳುನಾಡಿನೆದುರು ಕರುಣ್ ನಾಯರ್ 328 ಓಟ ಗಳಿಸಿದರು.

“ತಾತ, ನಿಮ್ಮವರು ಮುಂಬಯಿಯನ್ನು ಗೆದ್ದದ್ದು ಬರಿಯ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದಲ್ಲವೆ?”

ಅಂದು ಬೆಂಗಳೂರಿನ ಕ್ರೀಡಾಂಗಣದಲ್ಲಿ ಕುಳಿತು ಆ ಪಂದ್ಯವನ್ನು ಕಂಡಿದ್ದ ತಾತನಿಗೆ ‘ಬರಿಯ’ ಎಂಬ ಮಾತು ನಾಟಿತು.

“ಮುನ್ನಡೆ 78 ಓಟಗಳದು, ನಿಜ. ಆದರೆ ಎದುರಿಗಿದ್ದ ಮುಂಬಯಿ ಹದಿನೈದು ವರ್ಷ ಸತತವಾಗಿ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡದ ತಂಡ. ಗಾವಸ್ಕರ್, ವಾಡೇಕರ್ ಆಡುತ್ತಿದ್ದ ತಂಡ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಪ್ರಸನ್ನ, ಚಂದ್ರಶೇಖರ್ ಚೆಂಡೆಸೆದರು. ನಿನ್ನ ಮುಂಬಯಿಯನ್ನು ಅದೇ ಋತುವಿನಲ್ಲಿ ಜಮ್ಮು-ಕಾಶ್ಮೀರವೂ ಸೋಲಿಸಿತ್ತಲ್ಲಪ್ಪ!”

ಮೊಮ್ಮಗ ಸೋಲಲಿಲ್ಲ. “ಅದನ್ನೇ ನಾನೂ ಹೇಳುವುದು ತಾತ. ನಿಮ್ಮವರಿಗೆ ಭೇದಿಸಬೇಕಾಗಿದ್ದ ಕೋಟೆ ಒಂದೇ. ನಮ್ಮವರ ಕಾಲಕ್ಕೆ ಯಾರು ಬೇಕಾದರೂ ಯಾರನ್ನಾದರೂ ಸೋಲಿಸಬಹುದಾಗಿತ್ತು. ಅಂಥಲ್ಲಿ ಎರಡು ವರ್ಷ ಬಿಡದೆ ಗೆಲ್ಲುವುದು ಸುಲಭವೆ?”

ಒಂದೇ ಸಂಗತಿ ಎರಡು ಪಕ್ಷಗಳಿಗೂ ಸಾಕ್ಷಿ ನುಡಿಯಿತು. ಪ್ರಸನ್ನರ ಎಸೆತವನ್ನು ಕರುಣ್ ನಾಯರ್ ಎದುರಿಸುವ ಪಂದ್ಯ ಎಂದಿಗೂ ನಡೆಯದು. ಆದುದರಿಂದ ಓಟಗಳನ್ನು ಓಟಗಳೊಡನೆ ತೂಗಿ ಫಲವಿಲ್ಲ. ತನ್ನ ಕಾಲವು ಮುಂದಿಟ್ಟ ಅತಿ ಕಠಿನ ಕಾರ್ಯವನ್ನು ತಂಡ ಸಾಧಿಸಿತೆ ಎಂದು ಕೇಳಬೇಕು. ಗೆಲ್ಲಲಾಗದೆಂದು ಎಲ್ಲರೂ ನಂಬಿದ್ದುದನ್ನು 1974ರವರು ಗೆದ್ದು, ಜಯಪುರದ ಫೈನಲಿನಲ್ಲಿ ರಾಜಸ್ಥಾನವನ್ನು ಮಣಿಸಿ ರಾಜ್ಯಕ್ಕೆ ಮೊದಲ ರಣಜಿ ಪ್ರಶಸ್ತಿಯನ್ನು ತಂದರು. ಎಲ್ಲರೂ ಸೋಲಿಸಲು ಕಾದಿದ್ದಾಗ 2015ರವರು ಅದನ್ನು ಉಳಿಸಿಕೊಂಡು ಎಂಟನೆಯದನ್ನು ತಂದರು. ಎಂಟನೆಯದನ್ನು ಕಂಡವರು ಮೊದಲನೆಯದನ್ನು ‘ಬರಿಯ’ ಎನ್ನಲಾಗದು. ಮೊದಲನೆಯದನ್ನು ಕಂಡವರು ಎಂಟನೆಯದನ್ನು ಹಗುರವಾಗಿ ಕಾಣಲಾಗದು.

ಅಷ್ಟರಲ್ಲಿ ಲಾರಿ ಬಂದಿತು. ಹಣ್ಣಿನ ಪೆಟ್ಟಿಗೆಯ ಒಂದು ತುದಿಯನ್ನು ತಾತ ಹಿಡಿದರು, ಇನ್ನೊಂದನ್ನು ಮೊಮ್ಮಗ.

“ಆ 162ರ ಆಟ ಹೇಗಿತ್ತು ತಾತ?” ಎಂದು ಅವನು ಕೇಳಿದ. ತಾತ ಪೆಟ್ಟಿಗೆಯನ್ನು ಕೆಳಗಿಟ್ಟು ಹೇಳಲಾರಂಭಿಸಿದರು.