ಕಿಟ್ಟೆಲ್ ಸಾಹೇಬರೂ ಅವ್ವನ ಕೂರಿಗಿಯೂ

ಕನ್ನಡ ನಿಘಂಟಿನ ಕರ್ತೃ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ಲರನ್ನು ಬಲ್ಲೆವೆಂದೇ ನಾವೆಲ್ಲ ಭಾವಿಸಿದ್ದೇವೆ. 1832ರಲ್ಲಿ ಜರ್ಮನಿಯಲ್ಲಿ ಜನಿಸಿ, 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಹುಬ್ಬಳ್ಳಿ-ಧಾರವಾಡದ ಸೀಮೆಗೆ ಬಂದರು. ಮಂಗಳೂರು, ಮಡಿಕೇರಿಗಳಲ್ಲಿಯೂ ಇದ್ದರು. ಮತಪ್ರಚಾರಕ್ಕಾಗಿಯೇ ಬಂದವರು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ 1894ರಲ್ಲಿ ಅಚ್ಚಾದ ಆ ಕೋಶದ ಸುಮಾರು 70,000 ಶಬ್ದಗಳು ಪರದೇಶಿಯೊಬ್ಬನಿಗೆ ಓಲೆಗರಿಗಳಿಂದಷ್ಟೇ ದೊರೆಯಲಾರವು. ಪಂಡಿತರ, ಹಳ್ಳಿಗರ ಸ್ನೇಹ ಬೇಕು.

ಮಿತ್ರರೇ, ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆಯ ನಾವು ಕಿಟ್ಟೆಲ್ಲರನ್ನು ಹೊಗಳುತ್ತೇವೆ, ಊರ ಮಾತನ್ನು ಮಾತ್ರ ಕಾಲೇಜಿನ ಬಾಗಿಲಲ್ಲಿ ಬಿಟ್ಟು ಬರುತ್ತೇವೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ತಪ್ಪು ನನ್ನದೂ ಉಂಟು. ಮೊದಲ ವರ್ಷ ಪ್ರಬಂಧವೊಂದರಲ್ಲಿ 'ಕೂರಿಗಿ' ಎಂದು ಬರೆದು, ನಾಚಿ, 'ಬಿತ್ತನೆಯ ಸಾಧನ' ಎಂದು ತಿದ್ದಿದೆ. ಮುಂದೆ ಗ್ರಂಥಾಲಯದಲ್ಲಿ ಕಿಟ್ಟೆಲ್ ಕೋಶ ತೆರೆದರೆ 'ಕೂರಿಗೆ' ಅಲ್ಲಿಯೇ ಕುಳಿತಿತ್ತು!

ಊರಿಗೆ ಹೋದಾಗ ಅವ್ವನಿಗೆ ತಿಳಿಸಿದೆ. ಅಕ್ಷರ ಬಾರದ ಆಕೆ ನಕ್ಕು, "ಆ ಸಾಹೇಬಗ ಅದನ್ನ ಯಾರು ಹೇಳಿಕೊಟ್ರೋ?" ಎಂದು ಕೇಳಿದಳು. ಅಂದಿನಿಂದ ದಿಂಡು, ಬಟ್ಟಲು ಎಂದು ಕೂರಿಗಿಯ ಒಂದೊಂದು ಭಾಗದ ಹೆಸರನ್ನೂ ಅವಳಿಂದಲೇ ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.